ಸಿಂಗಪುರದ ಕಾನೂನು, ಸೋಮವಾರದ ಎತ್ತು

ನಾನು: ಸಿಂಗಪುರದಲ್ಲಿ ಕಂಪನಿ ತೆಗೀಬೇಕಂದ್ರೆ ಅಲ್ಲೇ ವಾಸ ಇರೋ ಡೈರೆಕ್ಟರ್ ಒಬ್ರು ಇರ್ಲೇಬೇಕು ಕಣೇ. ಕಾನೂನು!

ವನಜಾಕ್ಷಿ: ಹಂಗಾದ್ರೆ ನಿಮ್ ಕೈಲಾಗಲ್ಲ ಬಿಡಿ. ಕಡೂರಲ್ಲಿ ಒಂದು ರಾತ್ರಿ ಉಳಿದ್ರೆ ಮಾರನೇ ದಿನ ಹೊಟ್ಟೆ ಕೆಡ್ತದೆ ನಿಮ್ಗೆ.

ನಾನು: ಅಲ್ಲಿಯವರನ್ನೇ ಯಾರನ್ನಾದ್ರೂ ಹಾಕ್ಕೊಳ್ಳೋದಪ್ಪ. ಆಮೇಲೆ ಒಬ್ಬ ಸೆಕ್ರೆಟರಿ ಬೇಕು.

ವನಜಾಕ್ಷಿ: ಸೊಸೈಟಿ ಸೆಕ್ರೆಟರಿ ಮೇಲೆ ಪೇಪರಲ್ಲಿ ಬರೆದು ಮೂರು ವರ್ಷದಿಂದ ಮಾತು ಬಿಟ್ಟಿದ್ದೀರಲ್ರೀ!

ನಾನು: ಆ ಸೆಕ್ರೆಟರಿ ಅಲ್ವೇ, ಕಂಪನಿ ಸೆಕ್ರೆಟರಿ! ಒಬ್ನೇ ಡೈರೆಕ್ಟರ್ ಇದ್ರೆ ಅವ್ನೇ ಸೆಕ್ರೆಟರಿನೂ ಆಗೋ ಹಂಗಿಲ್ಲ.

ವನಜಾಕ್ಷಿ: ಎಲ್ಲಾ ನನಗೇ ಗೊತ್ತು ಅನ್ನೋ ಗಂಡಸ್ರು ಅಲ್ಲೂ ಇದ್ದಾರೆ ಅನ್ನಿ.

ತರೀಕೆರೆ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಅಡಿಕೆ ಹಾಳೆಯ ತಟ್ಟೆ ಮಾಡುವ ಶೆಡ್ಡಿದೆ. ಇರುವುದು ಒಂದೇ ಯಂತ್ರ. ಅದರ ಮುಂದೆ ಎಂಟು ವರ್ಷದಿಂದ ಹುಲಿಗೆಮ್ಮ. ದಿನಾ ಶಿವನಿಯಿಂದ ಬರುತ್ತಾಳೆ. ಈ ತಟ್ಟೆಯನ್ನು ಸಿಂಗಪುರದಲ್ಲಿ ಮಾರುವ ಹುಚ್ಚು ನನಗೆ ಹತ್ತಿ, ಅದನ್ನು ಹೆಂಡತಿ ವನಜಾಕ್ಷಿ ಕೇಳಿಸಿಕೊಳ್ಳುತ್ತಾ ಹದಿನೈದು ದಿನವಾಗಿತ್ತು. ನನ್ನ ಇನ್ನೊಂದು ಕಸುಬು ಸಿಟ್ಟು: ದುಡಿಯುವವರ ಪರವಾಗಿ ವಾರಪತ್ರಿಕೆಯೊಂದಕ್ಕೆ ಅಂಕಣ ಬರೆಯುತ್ತೇನೆ. ಕಾನೂನನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ, ಕಡೂರು ಬಸ್ಸಿನಲ್ಲಿ ಕೂತು ಓದಿ. ಹಾಗಾಗಿ ಗುಂಡಿ ಬಂದಲ್ಲೆಲ್ಲ ಒಂದೊಂದು ಸಾಲು ಹಾರಿಹೋಗಿದೆ.

ನಾನು: (ಮೊಬೈಲು ನೋಡುತ್ತಾ) ಕೇಳು, ನ್ಯಾಯ ಅಂದ್ರೆ ಇದು! ಕೆಲ್ಸಕ್ಕೆ ಸೇರಿದ ಹದಿನಾಲ್ಕು ದಿನದೊಳಗೆ ಷರತ್ತೆಲ್ಲ ಬರೆದು ಆಳಿನ ಕೈಗೆ ಕೊಡ್ಬೇಕಂತೆ.

ಯಂತ್ರ ನಿಂತಿತು.

ಹುಲಿಗೆಮ್ಮ: ಯಜಮಾನ್ರೇ, ಎಂಟು ವರ್ಷದಾಗೆ ಹದಿನಾಲ್ಕು ದಿನ ಎಷ್ಟು ಸಲ ಬತ್ತದೆ?

ನಾನು: ಅದು ಅಲ್ಲಿಯ ಕಾನೂನು ಹುಲಿಗೆಮ್ಮಾ.

ಹುಲಿಗೆಮ್ಮ: ಇರ್ಲಿ, ಓದಿ. ಇನ್ನೇನೈತೆ?

ನಾನು: (ದನಿ ತಗ್ಗಿಸಿ) ವಾರಕ್ಕೊಂದಿನ... ವಿಶ್ರಾಂತಿ.

ಹುಲಿಗೆಮ್ಮ: ಹಂಗಂದ್ರೆ?

ವನಜಾಕ್ಷಿ: ರಜಾ ಕಣೇ. ನೀನು ದೀಪಾವಳಿಯಿಂದ ಕೇಳ್ತಿದ್ದೀಯಲ್ಲ, ಅದು.

ನಾನು: ನಾನೇನು ಇಲ್ಲ ಅಂದ್ನಾ? ಆರ್ಡರ್ ಮುಗೀಲಿ ಅಂದೆ.

ಹುಲಿಗೆಮ್ಮ: ಹೋದ ವಾರ ‘ರಜೆ ಭಿಕ್ಷೆಯಲ್ಲ’ ಅಂತ ಬರೆದಿದ್ರಲ್ಲ, ಬಸ್ ಸ್ಟ್ಯಾಂಡಾಗೆ ಅದ್ರಲ್ಲೇ ಮಂಡಕ್ಕಿ ಕಟ್ಟಿಕೊಟ್ಟಿದ್ರು. ಪೂರ್ತಿ ಓದ್ದೆ. ಕಣ್ಣಾಗೆ ನೀರು ಬಂದ್ಬಿಡ್ತು.

ನಾನು: (ಹಿಗ್ಗಿ) ಹೌದಾ!

ಹುಲಿಗೆಮ್ಮ: ಮೆಣಸಿನಕಾಯಿ ಜಾಸ್ತಿ ಹಾಕಿದ್ರು.

ವನಜಾಕ್ಷಿ: ವಾರದ ರಜಾ ನಮ್ಮ ದೇಶದ ಕಾನೂನಲ್ಲೂ ಇದೆ ಅಂತ ಅದ್ರಲ್ಲೇ ಬರೆದಿದ್ರಿ ಅಲ್ವಾ?

ಆ ಸಾಲು ನನ್ನ ತಲೆಯಿಂದ ಯಾವ ಗುಂಡಿಯಲ್ಲಿ ಹಾರಿತ್ತೋ!

ನಾನು: ಅದು ದೊಡ್ಡ ಕಾರ್ಖಾನೆಯೋರಿಗೆ ಬರೆದಿದ್ದು ಕಣೇ. ಇಲ್ಲಿ ನಾವೆಲ್ಲ ಒಂದೇ ಮನೆಯವರ ಥರ...

ಹುಲಿಗೆಮ್ಮ: ಅವೂ ನಿಮ್ಮ ಮನೆಯವೇ ಅಲ್ವಾ?

ಅವಳ ಬೆರಳು ಬಾಗಿಲಾಚೆ ತೋರಿತು. ಹಾಳೆ ಹೇರುವ ಗಾಡಿಯ ನನ್ನ ಜೋಡೆತ್ತುಗಳು ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಬಳಿಸಿಕೊಂಡು, ನೆರಳಿನಲ್ಲಿ ಮೆಲುಕು ಹಾಕುತ್ತಿದ್ದವು. ಅಂದು ಸೋಮವಾರ. ನಮ್ಮ ಕಡೆ ಆ ದಿನ ಬಸವಣ್ಣನ ಹೆಗಲಿಗೆ ನೊಗ ಇಡುವುದಿಲ್ಲ.

ನಾನು: ಅದು ಅಜ್ಜನ ಕಾಲದ ಪದ್ಧತಿ. ಹೂಡಿದ್ರೆ ಪಾಪ ಬರ್ತದೆ.

ಹುಲಿಗೆಮ್ಮ: ಎತ್ತನ್ನ ಪಾಪದ ಭಯ ಕಾಯ್ತದೆ. ಸಿಂಗಪುರದೋರ್ನ ಕಾನೂನು ಕಾಯ್ತದೆ. ನನ್ನ ಕಾಯಾಕೆ ನಿಮ್ಮ ಅಂಕಣ ಒಂದೇ ಯಜಮಾನ್ರೇ!

ವನಜಾಕ್ಷಿ ನಾನು ಅಂಕಣ ಬರೆಯುವ ಪುಸ್ತಕದಿಂದಲೇ ಒಂದು ಹಾಳೆ ಹರಿದು ಪೆನ್ನಿನ ಜತೆ ಮುಂದಿಟ್ಟಳು. ‘ಹುಲಿಗೆಮ್ಮನವರಿಗೆ ಪ್ರತಿ ಸೋಮವಾರ ರಜೆ’ ಎಂದು ಬರೆದೆ. ‘ಸಂಬಳ ಸಹಿತ’ ಎಂದಳು ವನಜಾಕ್ಷಿ. ಅದನ್ನೂ ಸೇರಿಸಿ ಸಹಿ ಹಾಕಿದೆ. ಎಂಟು ವರ್ಷದಲ್ಲಿ ನಾನು ಬರೆದ ಅತಿ ಚಿಕ್ಕ ಲೇಖನ. ಕೆಲಸಕ್ಕೆ ಬಂದದ್ದೂ ಅದೊಂದೇ.

ಹುಲಿಗೆಮ್ಮ ಕಾಗದವನ್ನು ಎಲೆಅಡಿಕೆ ಚೀಲಕ್ಕೆ ಸೇರಿಸಿ, ಸೆರಗು ಕೊಡವಿ ಎದ್ದಳು.

ನಾನು: ಎಲ್ಲಿಗೆ ಹೊರಟೆ?

ಹುಲಿಗೆಮ್ಮ: ಇವತ್ತು ಯಾವ ವಾರ ಯಜಮಾನ್ರೇ?

ನಾನು: ಅಯ್ಯೋ, ಹಾಳೆ ನೆನೆಸಿಟ್ಟಿದೆ, ಅಚ್ಚು ಕಾದು ಕೂತಿದೆ! ಯಂತ್ರದ ಮುಂದೆ ಯಾರು ಕೂರೋದು?

ವನಜಾಕ್ಷಿ: ಇಲ್ಲೇ ವಾಸ ಇರೋ ಡೈರೆಕ್ಟರ್ ಒಬ್ರು ಇರ್ಲೇಬೇಕಲ್ರೀ. ಕೂತ್ಕೊಳ್ಳಿ. ಕಾನೂನು!