ಕೆಂಪು ತಂತಿಯ ಪುಣ್ಯ

ಡಾಕ್ಟರು ಹೇಳಿದ್ದು ಒಂದು, ರೋಗಿ ತಿಳಿದುಕೊಂಡದ್ದು ಇನ್ನೊಂದು, ನಡುವೆ ನಿಂತ ಕಂಪೌಂಡರು ಮಾಡಿದ್ದು ಮೂರನೆಯದು; ಔಷಧದ ಅಂಗಡಿ, ಆಸ್ಪತ್ರೆ ಇರುವಲ್ಲೆಲ್ಲ ಇದು ನಡೆಯುತ್ತಲೇ ಇರುತ್ತದೆ. ಸುಳ್ಯದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ಹದಿನಾರು ವರ್ಷ ಹಾಗೆ ನಡುವೆ ನಿಂತವನು ನಾನು. ಕೆಲವನ್ನು ನೆನೆದರೆ ಈಗಲೂ ನಗು ಬರುತ್ತದೆ. ನಕ್ಕ ಮೇಲೆ ಅಷ್ಟು ಸುಖವಿಲ್ಲ.

೧. ತುಪ್ಪ

ಐವತ್ತರ ದಶಕದ ಕೊನೆಗೆ ನಮ್ಮ ಡಾಕ್ಟರು ಮದರಾಸಿನಿಂದ ಒಂದು ಪೆಟ್ಟಿಗೆ ತಂದರು. ಅದಕ್ಕೆ ಎರಡು ತಂತಿ, ಧನದ್ದು ಕೆಂಪು, ಋಣದ್ದು ಕಪ್ಪು. ತುದಿಯಲ್ಲಿ ತಗಡು, ತಗಡಿನ ಕೆಳಗೆ ಒದ್ದೆ ಬಟ್ಟೆ. ಬಟ್ಟೆಗೆ ಔಷಧಿ ಹಾಕಿ ಚರ್ಮದ ಮೇಲಿಟ್ಟು ಬ್ಯಾಟರಿಯ ವಿದ್ಯುತ್ತು ಹಾಯಿಸಿದರೆ ಸೂಜಿಯಿಲ್ಲದೆ ಔಷಧಿ ಒಳಗೆ ಹೋಗುತ್ತದೆ.

ಡಾಕ್ಟರಿಗೆ ವಿವರಿಸುವ ಚಟ. ಮೊದಲ ರೋಗಿ, ಮಂಡಿನೋವಿನ ಒಬ್ಬ ಪಟೇಲರು.

"ನಮ್ಮ ಮೈಯ ಪ್ರತಿ ಜೀವಕೋಶಕ್ಕೂ ಕೊಬ್ಬಿನ ತೆಳು ಪೊರೆ ಉಂಟು. ಉಪ್ಪಿನಂಥ ಔಷಧಿ ನೀರಲ್ಲಿ ಕರಗಿದರೆ ಅದರ ಕಣಗಳಲ್ಲಿ ಕೆಲವು ಧನ, ಕೆಲವು ಋಣ. ಅಂಥ ಕಣವನ್ನು ಕೊಬ್ಬು ಹತ್ತಿರ ಸೇರಿಸುದಿಲ್ಲ. ತುಪ್ಪದಲ್ಲಿ ಉಪ್ಪು ಕರಗುತ್ತದಾ? ಇಲ್ಲ. ಹಾಗಾಗಿ ನಾವು ಹಿಂದಿನಿಂದ ದೂಡುದು. ಋಣ ಕಣವನ್ನು ಋಣ ತಂತಿ ದೂಡುತ್ತದೆ, ಧನ ಕಣವನ್ನು ಧನ ತಂತಿ. ಸಿಕ್ಕಿದ ಸಂದಿಯಲ್ಲಿ ಅವು ನುಸುಳುತ್ತವೆ."

ಪಟೇಲರು ಗಂಭೀರವಾಗಿ ತಲೆಯಾಡಿಸಿದರು. ಮುಂದಿನ ವಾರ ಅವರ ಹೆಂಡತಿ ಬಂದರು.

"ಇವರಿಗೆ ಎಂತ ಹೇಳಿದ್ದು ಡಾಕ್ಟ್ರೆ? ಅನ್ನಕ್ಕೆ ತುಪ್ಪ ಬೇಡ, ತಲೆಗೆ ಎಣ್ಣೆ ಬೇಡ. ಔಷಧಿಗೆ ದಾರಿ ಮಾಡಿಕೊಡುದಂತೆ."

೨. ದರ್ಬೆಯಿಂದ ಬಂದ ಭಾರ

ನಮ್ಮಲ್ಲಿಗೆ ಕರೆಂಟು ಬಂದಿರಲಿಲ್ಲ. ಬ್ಯಾಟರಿ ಬರಿದಾದರೆ ನಾನು ಬಸ್ಸಿನಲ್ಲಿ ಪುತ್ತೂರಿಗೆ ಒಯ್ದು ಅಲ್ಲಿನ ದರ್ಬೆ ಪೇಟೆಯ ಒಂದು ಗ್ಯಾರೇಜಿನಲ್ಲಿ ಚಾರ್ಜು ಮಾಡಿಸಿ ತರಬೇಕು. ಹೋಗುವಾಗ ಏನೂ ಕೇಳದ ಕಂಡಕ್ಟರ್ ಬರುವಾಗ ಲಗೇಜಿನ ಚೀಟಿ ಹರಿದ.

"ಆಗ ಖಾಲಿ ಇತ್ತು. ಈಗ ತುಂಬಿದೆ."

"ತುಂಬಿದರೂ ತೂಕ ಹೆಚ್ಚಾಗುದಿಲ್ಲ."

"ಹಾಗಾದ್ರೆ ದರ್ಬೆಯವ ನಿಮಗೆ ತುಂಬಿಸಿ ಕೊಟ್ಟದ್ದು ಎಂತ ಮಾರಾಯ್ರೆ?"

ಬಸ್ಸೆಲ್ಲ ನನ್ನನ್ನೇ ನೋಡಿತು. ಉತ್ತರ ಗೊತ್ತಿತ್ತು. ಚೀಟಿ ತೆಗೆದುಕೊಂಡು ಕುಳಿತೆ.

೩. ಕಪ್ಪು ಬೇಡ

ಗುತ್ತಿಗಾರಿನ ಕಡೆಯಿಂದ ಒಬ್ಬಳು ಹುಡುಗಿ ತಾಯಿಯ ಜೊತೆ ಬಂದಳು. ಸಣ್ಣವಳಿರುವಾಗ ಬಿಸಿನೀರು ಬಿದ್ದು ಬಲ ಮೊಣಕೈಯ ಒಳಭಾಗ ಸುಟ್ಟಿತ್ತು. ಆ ಕಲೆ ಗಟ್ಟಿಯಾಗಿ ಕೈ ನೇರವಾಗುತ್ತಿರಲಿಲ್ಲ. ಶಿಕ್ಷಕಿ ತರಬೇತಿಗೆ ಅವಳು ಆಯ್ಕೆಯಾಗಿದ್ದಳು. ಕರಿಹಲಗೆಗೆ ಕೈ ಎತ್ತಲು ಬರುತ್ತದೆಂದು ಒಂದು ತಿಂಗಳೊಳಗೆ ಸರಕಾರಿ ಡಾಕ್ಟರು ಬರೆದುಕೊಡಬೇಕು. ಮುಂದಿನ ವರ್ಷಕ್ಕೆ ಅವಳ ವಯಸ್ಸು ಮಿತಿ ದಾಟುತ್ತಿತ್ತು.

ನಮ್ಮ ಡಾಕ್ಟರು ಅವಳಿಗೂ ಪೊರೆಯ ಪಾಠ ಮಾಡಿ, ಕಲೆ ಸಡಿಲವಾಗಲು ಅಯೋಡಿನ್ ಬರೆದರು. ಅದರದು ಋಣ ಕಣ. ಹಾಗಾಗಿ ಕಲೆಯ ಮೇಲೆ ಕಪ್ಪು ತಂತಿ, ಭುಜಕ್ಕೆ ಕೆಂಪು. ಅಷ್ಟರಲ್ಲಿ ಕಡಬದ ಕಡೆ ಜ್ವರ ಹಬ್ಬಿ ಅವರು ಅಲ್ಲಿಗೆ ಹೋದರು. ತಂತಿ ಕಟ್ಟುವ ಕೆಲಸ ನನಗೆ ಬಂತು.

"ಮದುವೆ ಆಗ್ಬೇಕಾದ ಹುಡುಗಿಯ ಕೈಗೆ ಕಪ್ಪಾ? ಬೇಡ. ಕೆಂಪು ಕಟ್ಟಿ," ಎಂದರು ತಾಯಿ.

"ಡಾಕ್ಟ್ರು ಕಪ್ಪು ಅಂತ ಬರೆದಿದ್ದಾರೆ."

"ಡಾಕ್ಟ್ರಿಗೆ ಹೆಣ್ಣುಮಕ್ಕಳು ಉಂಟಾ?"

"ಇಲ್ಲ."

"ಮತ್ತೆ?"

ತಂತಿ ಬದಲಿಸಿದೆ.

ಹುಡುಗಿ ಮೆಲ್ಲನೆ ಕೇಳಿದಳು: "ಕೆಂಪು ಧನ ಅಲ್ವಾ? ಅದು ಔಷಧಿಯನ್ನು ತನ್ನ ಕಡೆಗೇ ಎಳೆದುಕೊಳ್ಳುದಿಲ್ವಾ?"

"ಎರಡರಲ್ಲೂ ಹರಿಯುವುದು ಒಂದೇ ವಿದ್ಯುತ್ತು," ಎಂದೆ. ಅವಳು ಹೇಳಿದ್ದೇ ಸರಿಯೆಂದು ನನಗೆ ಗೊತ್ತಿತ್ತು.

ತಾಯಿ ಸಮಾಧಾನದಿಂದ ಎಲೆಯಡಿಕೆ ಹಾಕಿಕೊಂಡರು. "ಓದಿದವರಿಗೆ ನಿಧಾನಕ್ಕೆ ಹೇಳಿದರೆ ಗೊತ್ತಾಗ್ತದೆ."

೪. ಆಲೂಗಡ್ಡೆ

ತಿಂಗಳು ಕಳೆಯಿತು. ಕೈ ಮೊದಲಿನಂತೆಯೇ ಇತ್ತು. ಸರಕಾರಿ ಡಾಕ್ಟರು ಸರ್ಟಿಫಿಕೇಟು ಕೊಡಲಿಲ್ಲ.

ನಮ್ಮ ಡಾಕ್ಟರು ಕಡಬದಿಂದ ಬಂದು, ತಂತಿ ಹೇಗೆ ಕಟ್ಟಿದ್ದೆಂದು ಕೇಳಿದರು. ಹುಡುಗಿ ನನ್ನ ಮುಖ ನೋಡಿದಳು. ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಕಪ್ಪು ಕಾಣದಂತೆ ಎರಡೂ ತಂತಿಗೆ ತುದಿಯಿಂದ ಬುಡದವರೆಗೆ ಕೆಂಪು ಬಟ್ಟೆ ಸುತ್ತಿ ಚಿಕಿತ್ಸೆ ಮತ್ತೆ ಶುರು ಮಾಡಿದರು. ಇಷ್ಟು ಸುಲಭದ ಉಪಾಯ ನನಗೆ ತಿಂಗಳಿಡೀ ಹೊಳೆದಿರಲಿಲ್ಲ.

ಈಗ ಎರಡೂ ಕೆಂಪು. ಇನ್ನೊಮ್ಮೆ ತಪ್ಪಬಾರದೆಂದು ದಿನಾ ಬೆಳಿಗ್ಗೆ ಆಲೂಗಡ್ಡೆ ಕೊಯ್ದು ಎರಡು ತಂತಿಯ ತಾಮ್ರವನ್ನೂ ಅದಕ್ಕೆ ಚುಚ್ಚಿ ನೋಡುತ್ತಿದ್ದೆ. ಹಸಿರು ಏಳುವ ಬದಿ ಧನ. ಒಂದು ದಿನ ಬೆಂಚಿನಲ್ಲಿ ಕಾದು ಸಾಕಾದ ಒಬ್ಬ ಮುದುಕ ಎದ್ದು ಬಂದ.

"ನಾನು ಏಳು ಗಂಟೆಗೇ ಬಂದವ. ಇದಕ್ಕೆ ಎಂತ ಕಾಯಿಲೆ, ನನಗಿಂತ ಮೊದಲು?"

ಮೂರು ತಿಂಗಳಲ್ಲಿ ಹುಡುಗಿಯ ಕೈ ಮೇಲೆದ್ದಿತು. ವ್ಯಾಯಾಮವೂ ನಡೆದಿತ್ತು, ಯಾವುದರಿಂದ ಎಷ್ಟೆಂದು ಡಾಕ್ಟರೂ ಹೇಳಲಿಲ್ಲ. ತರಬೇತಿಯ ಜಾಗ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು.

೫. ಮದುವೆಯ ಊಟ

ಮರುವರ್ಷ ಸಂಪಾಜೆಯ ಒಬ್ಬ ಎಸ್ಟೇಟ್ ಗುಮಾಸ್ತನೊಂದಿಗೆ ಅವಳ ಮದುವೆಯಾಯಿತು. ಕರೆದಿದ್ದರು, ಹೋದೆ. ಎತ್ತರದ ವರನ ಕುತ್ತಿಗೆಗೆ ಅವಳು ಸಲೀಸಾಗಿ ಹಾರ ಹಾಕಿದಳು. ಎಲ್ಲರೂ ಹಾರ ನೋಡಿದರು, ನಾನು ಮೊಣಕೈ ನೋಡಿದೆ.

ಆಮೇಲೆ ಅವಳಾಗಿಯೇ ಬಂದು ಮಾತಾಡಿಸಿದಳು. "ಈಗ ಕರಿಹಲಗೆಯ ಮೇಲಿನ ಗೆರೆಗೂ ಎಟಕುತ್ತದೆ," ಎಂದು ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಕ್ಷಮೆ ಕೇಳಲೆಂದೇ ಹೋದವನು ಬಾಯಿ ತೆರೆಯುವಷ್ಟರಲ್ಲಿ ಅವಳ ತಾಯಿ ಬಂದು, ನೆಂಟರ ಹೆಂಗಸರ ಮುಂದೆ ನನ್ನನ್ನು ನಿಲ್ಲಿಸಿದರು.

"ಇವರೇ. ಡಾಕ್ಟ್ರು ಕಪ್ಪು ಅಂದರೂ ಇವರು ಕೆಂಪು ಕಟ್ಟಿದ್ದು. ಆ ಪುಣ್ಯದಲ್ಲಿ ಈ ಸಂಬಂಧ ಕುದುರಿತು."

ಹುಡುಗಿ ನೆಲ ನೋಡಿದಳು. ಒಬ್ಬ ಹೆಂಗಸು ನನ್ನನ್ನು ಬದಿಗೆ ಕರೆದರು.

"ನನ್ನ ಮಗಳಿಗೆ ಕೈಕಾಲೆಲ್ಲ ಸರಿ ಉಂಟು. ಗಂಡು ಸಿಕ್ಕುದಿಲ್ಲ. ಒಂದು ವಾರ ಕೆಂಪು ಕಟ್ಟಬಹುದಾ?"

ಇಲ್ಲ ಎನ್ನಲು, ನಡೆದದ್ದನ್ನೆಲ್ಲ ಹೇಳಲು, ಅದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕುವಂತಿರಲಿಲ್ಲ.

"ಸೋಮವಾರ ಕರೆದುಕೊಂಡು ಬನ್ನಿ," ಎಂದೆ.