ವಿಲ್ಲಾ ಯಾತ್ರೆಗೆ ಬಸವರಾಜನ ತಕರಾರು

ಮನುಷ್ಯನ ನಿಜವಾದ ಗುಣ ತಿಳಿಯಬೇಕಾದರೆ ಅವನೊಡನೆ ಪ್ರಯಾಣ ಮಾಡಬೇಕು ಎಂದು ಹಿರಿಯರು ಹೇಳುತ್ತಾರೆ. ಹಿರಿಯರು ಪಾಪ, ಬುತ್ತಿ ಕಟ್ಟಿಕೊಂಡು ಹೊರಟೇಬಿಡುತ್ತಿದ್ದರು. ಯೋಜನೆ ಹಾಕುವ ಕಷ್ಟ ಅವರಿಗೆ ಗೊತ್ತಿರಲಿಲ್ಲ. ನನ್ನ ಅನುಭವದಲ್ಲಿ ಪ್ರಯಾಣದವರೆಗೆ ಹೋಗಬೇಕಾಗಿಯೇ ಇಲ್ಲ. ಮೂರು ಸಂಸಾರ ಸೇರಿ ಎಲ್ಲಿಗೆ ಹೋಗೋಣ ಎಂದು ಮಾತು ಶುರುಮಾಡಿದರೆ ಸಾಕು, ಎಲ್ಲರ ಗುಣವೂ ಸೋಫಾದ ಮೇಲೆ ಕೂತಲ್ಲೇ ಬಯಲಾಗುತ್ತದೆ. ನನ್ನದೂ ಬಯಲಾಯಿತು. ಈವರೆಗೆ ಅದು ನನ್ನ ಹೆಂಡತಿ ವೀಣಾಗೆ ಮಾತ್ರ ಗೊತ್ತು. ಅವಳು ಬೇರೆಯವರಿಗೆ ಹೇಳುವ ಮೊದಲು ನಾನೇ ನಿಮಗೆ ಹೇಳಿಬಿಡುವುದು ಕ್ಷೇಮ.

ಡಾಲಸ್ ಪಕ್ಕದ ಫ್ರಿಸ್ಕೋದ ನಮ್ಮ ಬಡಾವಣೆಯಲ್ಲಿ ಎಲ್ಲ ಮನೆಗೂ ಒಂದೇ ಬಣ್ಣದ ಇಟ್ಟಿಗೆ, ಒಂದೇ ಅಳತೆಯ ಗ್ಯಾರೇಜು, ಮುಂದೆ ಒಂದೊಂದು ಸಣಕಲು ಓಕ್ ಗಿಡ. ಯಾರು ಯಾರಿಗಿಂತ ಮೇಲೆ ಎಂದು ತಿಳಿಯಲು ಉಳಿದಿರುವುದು ರಜೆಯೊಂದೇ. ಆ ವರ್ಷ ಪಕ್ಕದ ಮನೆಯ ಪ್ರಸಾದ್ ಸಂಸಾರ ಸಮೇತ ಯಾವುದೋ ದ್ವೀಪಕ್ಕೆ ಹೋಗಿ ಬಂದು, ನಮ್ಮನ್ನು ಕಾಫಿಗೆ ಕರೆದು, ಗೋಡೆಯಗಲದ ಟೀವಿಯಲ್ಲಿ ಫೋಟೋ ತೋರಿಸಿದರು. ಅರ್ಧಕ್ಕರ್ಧ ಫೋಟೋಗಳು ಅವರ ಪಾದಗಳದ್ದು. ಒರಗು ಕುರ್ಚಿಯ ತುದಿಯಲ್ಲಿ ಪಾದ, ಹಿಂದೆ ನೀಲಿ ಸಮುದ್ರ. ಹಾಸಿಗೆಯ ಮೇಲೆ ಪಾದ, ಹಿಂದೆ ನೀಲಿ ಸಮುದ್ರ. "ಅಲ್ಲಿ ನಾವು ಏನೂ ಮಾಡೋ ಹಾಗೇ ಇಲ್ಲ ಸುಧೀಂದ್ರ ಅವ್ರೇ, ಎಲ್ಲಾ ಬಟ್ಲರ್ ಮಾಡ್ತಾನೆ" ಎಂದರು. ಏನೂ ಮಾಡದಿರುವುದು ನನಗೇನೂ ಹೊಸದಲ್ಲ. ಲಾಸ್ ಕೊಲಿನಾಸ್‌ನ ಆಫೀಸಿನಲ್ಲಿ ನಾನು ಎಷ್ಟೋ ದಿನ ಅದನ್ನೇ ಮಾಡುತ್ತೇನೆ. ಆದರೆ ಅದರ ಫೋಟೋ ತೆಗೆದು ನೆರೆಯವರಿಗೆ ತೋರಿಸುವಂತಿಲ್ಲ. ಪಾದದರ್ಶನ ಮುಗಿಸಿ ಮನೆಗೆ ಬಂದವನೇ ನಾವೂ ದ್ವೀಪಕ್ಕೆ ಹೋಗತಕ್ಕದ್ದು ಎಂದು ತೀರ್ಮಾನಿಸಿದೆ.

ಇಂಥ ವಿಲ್ಲಾಗಳನ್ನು ಒಂದೇ ಸಂಸಾರ ಬಾಡಿಗೆಗೆ ಹಿಡಿದರೆ ಮಿಕ್ಕ ಕೋಣೆಗಳಲ್ಲಿ ಪಶ್ಚಾತ್ತಾಪ ಪಡುತ್ತಾ ಓಡಾಡಬೇಕಾಗುತ್ತದೆ. ಹಾಗಾಗಿ ಇಬ್ಬರು ಹಳೆಯ ಗೆಳೆಯರನ್ನು ಸೇರಿಸಿಕೊಂಡೆ. ಒಬ್ಬ ಮೈಸೂರಿನ ಇಮ್ತಿಯಾಜ್. ಆಸ್ಟಿನ್ ಹತ್ತಿರದ ಫ್ಲೂಗರ್‌ವಿಲ್‌ನಲ್ಲಿದ್ದಾನೆ. ಇನ್ನೊಬ್ಬ ಹೂಸ್ಟನ್ನಿನ ಬಸವರಾಜ, ಊರು ಧಾರವಾಡ. ಓದುವ ಕಾಲದಲ್ಲಿ ನಾವು ಮೂವರೂ ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂದೇ ಪಾತ್ರೆಯಲ್ಲಿ ಅನ್ನ ಮಾಡಿಕೊಂಡು ಉಂಡವರು. ನಾನು ವಾಟ್ಸಾಪ್‌ನಲ್ಲಿ ಗುಂಪು ಮಾಡಿ, ಕೆರಿಬಿಯನ್ ಸಮುದ್ರದ ಒಂದು ದ್ವೀಪದ ವಿಲ್ಲಾ ಚಿತ್ರಗಳನ್ನು ಹಾಕಿದೆ. ಏಳು ಮಲಗುವ ಕೋಣೆ, ಸಮುದ್ರಕ್ಕೆ ಅಂಟಿಕೊಂಡಂತೆ ಕಾಣುವ ಈಜುಕೊಳ, ಸ್ವಂತ ಅಡುಗೆಯವನು, ಜೊತೆಗೆ ಪ್ರಸಾದ್ ಹೇಳಿದ್ದ ಬಟ್ಲರ್.

ವೀಣಾ ಚಿತ್ರಗಳನ್ನೆಲ್ಲ ನೋಡಿ, "ಅಲ್ಲಿ ಕುಕ್ಕರ್ ಇದ್ಯಾ ಕೇಳಿ" ಎಂದಳು.

"ಅಡುಗೆಯವನೇ ಇದಾನಲ್ಲೇ!"

"ಅವನಿಗೆ ತಿಳಿಸಾರು ಬರುತ್ತಾ? ಮೂರನೇ ದಿನ 'ಒಂಚೂರು ಸಾರಿದ್ದಿದ್ರೆ' ಅಂತ ಮುಖ ಸಣ್ಣ ಮಾಡೋರು ನೀವೇ."

ವಿಲ್ಲಾ ನೋಡಿಕೊಳ್ಳುವಾಕೆಗೆ ಈಮೇಲ್ ಬರೆದೆ. ನಮ್ಮ ಅಡುಗೆಯವರು ಕಲಿಯಲು ಉತ್ಸುಕರಾಗಿದ್ದಾರೆ, ದಯವಿಟ್ಟು ವಿಡಿಯೋ ಕಳಿಸಿ ಎಂದು ಉತ್ತರ ಬಂತು. ವೀಣಾ ಒಳ್ಳೆಯ ಸೀರೆ ಉಟ್ಟು, ಸ್ಟೌ ಮುಂದೆ ನಿಂತು, ಬೇಳೆ ಕಟ್ಟು ಎಂದರೇನು ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ನಾನು ಚಿತ್ರೀಕರಿಸಿದೆ. ನಮ್ಮ ಮಗಳು ಅನನ್ಯಾ ಅದನ್ನು ನೋಡಿ, "ಸೋ ವಿ ಆರ್ ಪೇಯಿಂಗ್ ಹಿಮ್, ಆಂಡ್ ಅಮ್ಮ ಈಸ್ ಟ್ರೇನಿಂಗ್ ಹಿಮ್?" ಎಂದು ಕೇಳಿದಳು. ಐಷಾರಾಮದ ಸೂಕ್ಷ್ಮಗಳು ಹನ್ನೆರಡು ವರ್ಷದ ಮಕ್ಕಳಿಗೆ ಅರ್ಥವಾಗುವುದಿಲ್ಲ.

ದೊಡ್ಡ ಕೋಣೆಯ ಸ್ನಾನದ ತೊಟ್ಟಿ ಬಯಲಿನಲ್ಲಿತ್ತು. ಮೇಲೆ ಆಕಾಶ, ಸುತ್ತ ಗಿಡ. ಇದು ಯಾರಿಗೆ ಸೇರಬೇಕು ಎಂಬ ಗಂಭೀರ ಪ್ರಶ್ನೆಯನ್ನು ನಾನು ಗುಂಪಿನಲ್ಲಿ ಎತ್ತಿದೆ. ಇಮ್ತಿಯಾಜನ ಹೆಂಡತಿ ಶಾಹೀನ್ ಬರೆದಳು: "ನಮ್ಮ ತಾತನ ಮನೇಲೂ ಬಚ್ಚಲಿಗೆ ಸೂರು ಇರ್ಲಿಲ್ಲ ಸುಧಿ ಅಣ್ಣ. ಸೂರಿರೋ ಬಚ್ಚಲು ಬೇಕು ಅಂತಾನೇ ಇಷ್ಟು ದೂರ ಬಂದಿದ್ದು. ಅದನ್ನ ನೀವೇ ಇಟ್ಕೊಳಿ." ನಾನು ತ್ಯಾಗ ಮಾಡುವವನ ಧಾಟಿಯಲ್ಲಿ ಒಪ್ಪಿಕೊಂಡೆ.

ಎಲ್ಲ ಸುಸೂತ್ರವಾಗಿ ಸಾಗುತ್ತಿತ್ತು, ಬಸವರಾಜನೊಬ್ಬನನ್ನು ಬಿಟ್ಟು. ಅವನಿಗೆ ಎಲ್ಲದರಲ್ಲೂ ತಕರಾರು. ಮಾರ್ಚ್ ಎಂದರೆ ಮಕ್ಕಳ ಪರೀಕ್ಷೆ, ಆಗಸ್ಟ್ ಎಂದರೆ ಚಂಡಮಾರುತ. ವಿಲ್ಲಾದ ಮೆಟ್ಟಿಲಿಗೆ ಕಟಕಟೆ ಇಲ್ಲ, ಸಣ್ಣ ಮಗ ಬೀಳುತ್ತಾನೆ. ಕಟಕಟೆ ಇರುವ ಇನ್ನೊಂದು ವಿಲ್ಲಾ ಹುಡುಕಿದರೆ ಅಲ್ಲಿನ ಕಡಲಲ್ಲಿ ಶಾರ್ಕ್ ಮೀನು. "ದೋಸ್ತ, ನನಗ ಈಜು ಬರೂದಿಲ್ಲಲೇ. ನೀರು ನೋಡಿದ್ರ ಎದಿ ಧಸಕ್ ಅಂತದ" ಎಂದು ಫೋನಿನಲ್ಲಿ ಹೇಳಿದ. ಹೂಸ್ಟನ್ನಿನಲ್ಲಿ ಪ್ರತಿ ವರ್ಷ ಮೊಣಕಾಲುದ್ದ ಮಳೆನೀರಿನಲ್ಲಿ ಕಾರು ಓಡಿಸುವವನು ಹೇಳುವ ಮಾತೇ ಇದು? ಟಿಕೆಟ್ಟಿಗೆ ಎಲ್ಲರ ಪಾಸ್‌ಪೋರ್ಟ್ ಪ್ರತಿ ಕಳಿಸಿ ಎಂದರೆ ಇಮ್ತಿಯಾಜನದು ಹತ್ತು ನಿಮಿಷದಲ್ಲಿ ಬಂತು. ಬಸವರಾಜನದು ಮೂರು ವಾರವಾದರೂ ಬರಲಿಲ್ಲ. ಸ್ಕ್ಯಾನರ್ ಕೆಟ್ಟಿದೆ ಎಂದ. ಫೋನಿನಲ್ಲಿ ಫೋಟೋ ತೆಗಿ ಎಂದರೆ ಬೆಳಕು ಸರಿಯಿಲ್ಲ ಎಂದ. ಟೆಕ್ಸಸ್ಸಿನಲ್ಲಿ ಬೆಳಕಿಗೆ ಬರ!

ಇವನು ಜುಗ್ಗ, ಬರಲು ಮನಸ್ಸಿಲ್ಲ, ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ ಎಂದು ನಾನು ಇಮ್ತಿಯಾಜನ ಹತ್ತಿರ ಆಡಿಕೊಂಡೆ. ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನೇ ಅಲ್ಲ. ಗುಂಪಿನಲ್ಲಿ, ಹೆಂಗಸರೆಲ್ಲ ನೋಡುವ ಹಾಗೆ, "ಕೆಲವರು ಪಾಸ್‌ಪೋರ್ಟನ್ನು ಮನೆದೇವರ ಹಾಗೆ ಒಳಗಿಟ್ಟು ಪೂಜೆ ಮಾಡುತ್ತಿದ್ದಾರೆ, ಹೊರಗೆ ತೆಗೆದರೆ ಮೈಲಿಗೆ ಅಂತ ಕಾಣುತ್ತೆ" ಎಂದು ಬರೆದೆ. ಬಸವರಾಜ ಕೈ ಮುಗಿಯುವ ಚಿತ್ರವೊಂದನ್ನು ಕಳಿಸಿ ಸುಮ್ಮನಾದ. ಅವನ ಬಾಯಿ ಮುಚ್ಚಿಸಿದೆನೆಂದು ನಾನು ಆ ದಿನವೆಲ್ಲ ಖುಷಿಯಾಗಿದ್ದೆ.

ಮುಂದಿನ ಶನಿವಾರ ಆಫೀಸಿನ ಕೆಲಸದ ಮೇಲೆ ಹೂಸ್ಟನ್ನಿಗೆ ಹೋಗಬೇಕಾಯಿತು. ಕೆಲಸ ಮುಗಿಸಿ, ಪಾಸ್‌ಪೋರ್ಟನ್ನು ಕೈಯಾರೆ ಕಿತ್ತುಕೊಂಡೇ ಬರುತ್ತೇನೆಂದು ಹೇಳದೆ ಕೇಳದೆ ಬಸವರಾಜನ ಮನೆಗೆ ನುಗ್ಗಿದೆ. ಅವನು ಮಗನನ್ನು ಕರೆದುಕೊಂಡು ಫುಟ್‌ಬಾಲ್ ಕ್ಲಾಸಿಗೆ ಹೋಗಿದ್ದ. ಅವನ ಹೆಂಡತಿ ಗಿರಿಜಾ ರೊಟ್ಟಿ ಬಡಿಯುತ್ತಿದ್ದವರು ಕೈ ತೊಳೆದುಕೊಂಡು ಬಂದು ತಟ್ಟೆ ಇಟ್ಟರು. ನಾನು ಎಣ್ಣೆಗಾಯಿ ಹಾಕಿಸಿಕೊಳ್ಳುತ್ತಲೇ, "ಏನಮ್ಮ, ನಿಮ್ಮ ಯಜಮಾನರ ಪಾಸ್‌ಪೋರ್ಟ್ ಪೂಜೆ ಮುಗೀತಾ?" ಎಂದೆ.

ಅವರು ನಗಲಿಲ್ಲ. ಎಣ್ಣೆಗಾಯಿಯ ಪಾತ್ರೆ ಕೆಳಗಿಟ್ಟು, "ಅಣ್ಣಾರ, ನಿಮ್ಮ ಮುಂದ ಹೇಳಬ್ಯಾಡ ಅಂದಾರ. ಆದ್ರ ಹೇಳದ ಇರಾಕ ಆಗವಲ್ದು" ಎಂದರು. "ಅವ್ರ ವೀಸಾ ಸ್ಟ್ಯಾಂಪ್ ಮುಗದು ಮೂರು ವರ್ಷ ಆತ್ರಿ. ಇಲ್ಲಿರಾಕ ಕಾಗದ ಅದಾವ, ಆದ್ರ ಒಮ್ಮೆ ಹೊರಗ ಹೋದ್ರ ಮತ್ತ ಸ್ಟ್ಯಾಂಪ್ ಹಾಕಿಸ್ಕೊಂಡ ಬರಬೇಕು. ಹಿಂದಕ ಮೈದುನನ ಲಗ್ನಕ್ಕ ಹೋದಾಗ ಏನಾತು ನಿಮಗೂ ಗೊತ್ತದ."

ಗೊತ್ತಿತ್ತು, ಮರೆತಿದ್ದೆ. ತಮ್ಮನ ಮದುವೆಗೆಂದು ಊರಿಗೆ ಹೋದವನ ಕಾಗದಗಳನ್ನು ಇನ್ನಷ್ಟು ಪರಿಶೀಲಿಸಬೇಕೆಂದು ವೀಸಾ ಕಚೇರಿಯವರು ತಡೆದಿದ್ದರು. ಒಂಬತ್ತು ವಾರ ಅವನು ಅಲ್ಲಿ, ಹೆಂಡತಿ ಮಕ್ಕಳು ಇಲ್ಲಿ. ಕೈಗೂಸನ್ನು ಎತ್ತಿಕೊಂಡು ಈಕೆ ಒಬ್ಬರೇ ಮನೆ ನಡೆಸಿದ್ದರು. ನನಗೆ ಅದೃಷ್ಟವಶಾತ್ ಗ್ರೀನ್ ಕಾರ್ಡ್ ಬೇಗ ಬಂದಿತ್ತು. ಬಂದ ಮೇಲೆ ಕ್ಯೂನಲ್ಲಿ ಹಿಂದೆ ನಿಂತವರ ಮುಖ ನೆನಪಿರುವುದಿಲ್ಲ.

"ನಾ ಒಬ್ಬನ ಸಲುವಾಗಿ ಎಲ್ಲಾರ ರಜಾ ಯಾಕ ಹಾಳಾಗಬೇಕು, ಏನರ ನೆವ ಹೇಳಿ ಹಿಂದ ಸರೀತೇನಿ ಅಂದ್ರು," ಎಂದರು ಗಿರಿಜಾ. "ನೀವು ಗುಂಪಿನ್ಯಾಗ ಅದನ್ನ ಬರದ ದಿನ ಅವ್ರು ಊಟಾನ ಮಾಡ್ಲಿಲ್ರಿ."

ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದೆ. ಬಸವರಾಜ ಬರುವ ಮೊದಲೇ ಏನೋ ಸಬೂಬು ಹೇಳಿ ಎದ್ದುಬಂದೆ. ಅವನನ್ನು ಎದುರಿಸುವ ಮುಖ ಇರಲಿಲ್ಲ.

ಹೂಸ್ಟನ್ನಿನಿಂದ ಡಾಲಸ್‌ಗೆ ನಾಲ್ಕು ಗಂಟೆಯ ದಾರಿ. ಹಂಟ್ಸ್‌ವಿಲ್ ದಾಟುವವರೆಗೆ ನಾನು ನಿಜವಾಗಿಯೂ ಕಣ್ಣು ಒರೆಸಿಕೊಳ್ಳುತ್ತಿದ್ದೆ. ವಿಲ್ಲಾ ಬೇಡ, ದ್ವೀಪ ಬೇಡ, ಗೆಳೆಯನಿಲ್ಲದ ಸುಖ ಯಾವ ಸುಖ ಎಂದುಕೊಂಡೆ. ಮ್ಯಾಡಿಸನ್‌ವಿಲ್‌ನಲ್ಲಿ ಕಾಫಿ ಕುಡಿದೆ. ಆಮೇಲೆ ಇನ್ನೊಂದು ವಿಚಾರ ಹೊಳೆಯಿತು: ಪಾಪ, ಅವನೇ ತಾನೇ ಹೇಳಿದ್ದು, ನನ್ನಿಂದ ಎಲ್ಲರ ರಜೆ ಹಾಳಾಗಬಾರದು ಅಂತ? ಅವನ ಮಾತಿಗೆ ಬೆಲೆ ಕೊಡದಿದ್ದರೆ ಅದು ಅವನಿಗೆ ಮಾಡುವ ಅವಮಾನ. ಕಾರ್ಸಿಕಾನಾ ಬರುವ ಹೊತ್ತಿಗೆ, ಎರಡೇ ಸಂಸಾರ ಹೋದರೆ ಬಸವರಾಜನ ಮನಸ್ಸಿಗೆ ಎಷ್ಟು ಸಮಾಧಾನವಾದೀತು ಎಂಬುದು ನನಗೆ ಸ್ಪಷ್ಟವಾಗಿತ್ತು. ಮನೆ ತಲುಪಿದಾಗ ಅದು ಕರ್ತವ್ಯವೇ ಆಗಿತ್ತು.

ಮರುದಿನ ಬೆಳಗ್ಗೆ ಕಾಫಿ ಕುಡಿದು, ಎರಡು ಸಂಸಾರದ ಟಿಕೆಟ್ ಕಾಯ್ದಿರಿಸಲು ಕಂಪ್ಯೂಟರ್ ಮುಂದೆ ಕೂತೆ. ಇಮ್ತಿಯಾಜನವರ ವಿವರ ತುಂಬಿಸಿದೆ, ವೀಣಾಳದು ತುಂಬಿಸಿದೆ, ಅನನ್ಯಾಳದು ತುಂಬಿಸಿದೆ. ನನ್ನ ಪಾಸ್‌ಪೋರ್ಟನ್ನು ಬೀರುವಿನಿಂದ ತಂದ ವೀಣಾ ಬಾಗಿಲಲ್ಲೇ ನಿಂತು ತಿರುವಿಹಾಕುತ್ತಿದ್ದಳು.

"ರೀ," ಎಂದಳು. "ಇದು ಮುಗಿದು ನಾಲ್ಕು ತಿಂಗಳಾಯ್ತು."

"ಏನು ಮುಗಿದಿದ್ದು?"

"ನಿಮ್ಮ ಪಾಸ್‌ಪೋರ್ಟು."

ಕನ್ನಡಕ ಹಾಕಿಕೊಂಡು ನೋಡಿದೆ, ತೆಗೆದು ನೋಡಿದೆ. ಎರಡರಲ್ಲೂ ಮುಗಿದಿತ್ತು. ಎಲ್ಲರಿಂದ ಪಾಸ್‌ಪೋರ್ಟ್ ಕೇಳಿ ಕೇಳಿ ಪೀಡಿಸಿದವನು ತನ್ನದನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಹೊಸದಕ್ಕೆ ಅರ್ಜಿ ಹಾಕಿ, ಫೋಟೋದಲ್ಲಿ ಕಿವಿ ಸರಿಯಾಗಿ ಕಾಣುತ್ತಿಲ್ಲವೆಂದು ಅವರು ವಾಪಸು ಕಳಿಸಿ, ಮತ್ತೆ ನಾನು ಕಿವಿ ತೋರಿಸಿ, ಅದು ಕೈಗೆ ಬರುವಷ್ಟರಲ್ಲಿ ಮಕ್ಕಳ ರಜೆಯೇ ಮುಗಿದಿರುತ್ತದೆ.

ಕಂಪ್ಯೂಟರ್ ಮುಚ್ಚಿದೆ. ಆಮೇಲೆ ಫೋನ್ ತೆಗೆದು ಗುಂಪಿನಲ್ಲಿ ಬರೆದೆ: "ಬಸ್ಯಾ, ನಂಗೆಲ್ಲಾ ಗೊತ್ತಾಯ್ತು. ನಾನು ಹಾಗೆ ಬರೀಬಾರದಿತ್ತು, ತಪ್ಪಾಯ್ತು. ನೀನಿಲ್ಲದ ದ್ವೀಪ ನನಗೂ ಬೇಡ. ಗ್ಯಾಲ್ವೆಸ್ಟನ್‌ಗೆ ಹೋಗೋಣ, ಅದೂ ದ್ವೀಪಾನೇ. ನಿಮ್ಮ ಮನೆಯಿಂದ ಒಂದು ಗಂಟೆ ದಾರಿ, ಯಾರಪ್ಪನ ಸ್ಟ್ಯಾಂಪೂ ಬೇಡ." ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಕ್ಷಮೆ ಕೇಳಿದ್ದಂತೂ ಮನಸಾರೆ. ಒಂದು ಸಣ್ಣ ವಿವರ ಬಿಟ್ಟುಹೋಗಿತ್ತು, ಅಷ್ಟೆ. ಶಾಹೀನ್ ಕಣ್ಣೀರಿನ ಚಿತ್ರ ಹಾಕಿದಳು. ಇಮ್ತಿಯಾಜ್, "ಏನೋ ಮಾರಾಯ, ನೀನು ಇಷ್ಟು ಒಳ್ಳೆಯವನು ಅಂತ ಗೊತ್ತೇ ಇರ್ಲಿಲ್ಲ" ಎಂದ. ನನಗೂ ಗೊತ್ತಿರಲಿಲ್ಲ.

ಗ್ಯಾಲ್ವೆಸ್ಟನ್ನಿನ ಮನೆ ಮರದ ಕಂಬಗಳ ಮೇಲೆ ನಿಂತಿತ್ತು. ಬಟ್ಲರ್ ಇರಲಿಲ್ಲ, ಪಾತ್ರೆ ತೊಳೆಯುವ ಸರದಿಯ ಪಟ್ಟಿಯನ್ನು ಫ್ರಿಜ್ಜಿಗೆ ಅಂಟಿಸಲಾಗಿತ್ತು, ಮೊದಲ ಹೆಸರು ನನ್ನದೇ. ಸಮುದ್ರದ ಬಣ್ಣ ಹಾಲು ಹೆಚ್ಚಾದ ಚಹಾದ್ದು. ಮಕ್ಕಳು ಅದರಲ್ಲಿ ಬೆಳಗಿನಿಂದ ಬಿದ್ದು ಹೊರಳಾಡಿ, ಎದ್ದು ಬರಲು ಒಪ್ಪಲಿಲ್ಲ. ಈಜು ಬಾರದ ಬಸವರಾಜ ಎದೆಮಟ್ಟದ ನೀರಿನಲ್ಲಿ ನಿಂತು ಅಲೆ ಬಂದಾಗಲೆಲ್ಲ "ಹೋ" ಎಂದು ಕೂಗುತ್ತಿದ್ದ. ಮೂರು ವರ್ಷದಲ್ಲಿ ಅವನ ಸಂಸಾರ ಮನೆಯಾಚೆ ರಾತ್ರಿ ಉಳಿದದ್ದು ಇದೇ ಮೊದಲಂತೆ. ಗಿರಿಜಾ ವೀಣಾಳ ಹತ್ತಿರ ಹೇಳಿದರಂತೆ.

ಸಂಜೆ ಎಲ್ಲರೂ ಮಾಳಿಗೆಯ ಜಗಲಿಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದಾಗ ಬಸವರಾಜ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. "ದೋಸ್ತ, ನನ್ನ ಸಲುವಾಗಿ ಅಂಥಾ ವಿಲ್ಲಾ ಬಿಟ್ಟುಬಿಟ್ಟಿ. ನಿನ್ನಷ್ಟು ದೊಡ್ಡ ಮನಸ್ಸು ಯಾರಿಗೂ ಇಲ್ಲಲೇ" ಎಂದ. ಅವನ ಕಣ್ಣು ತುಂಬಿತ್ತು. ಈಗ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. "ಇರ್ಲಿ ಬಿಡೋ, ಸ್ನೇಹ ಅಂದ್ಮೇಲೆ ಇಷ್ಟೂ ಮಾಡ್ದಿದ್ರೆ ಹೇಗೆ" ಎಂಬ ಮಾತು ಹೊರಬಂತು.

ವೀಣಾ ಮಂಡಕ್ಕಿಗೆ ಈರುಳ್ಳಿ ಉದುರಿಸುತ್ತಾ ತಲೆ ಎತ್ತದೆ ಹೇಳಿದಳು: "ಹೌದು ಬಸಣ್ಣ, ಇವರ ಮನಸ್ಸೇ ಹಾಗೆ. ಬೇರೆ ದಾರಿನೇ ಇಲ್ಲ ಅಂತ ಆದಾಗ ತುಂಬಾ ದೊಡ್ಡದಾಗಿಬಿಡುತ್ತೆ."

ಬಸವರಾಜ ಅದನ್ನು ತಮಾಷೆಯೆಂದುಕೊಂಡು ಹೊಟ್ಟೆ ಹಿಡಿದು ನಕ್ಕ. ಅವನಿಗಿಂತ ಜೋರಾಗಿ ನಾನು ನಕ್ಕೆ.