ಹೇಗಿದ್ರೂ ಹೋಗ್ತಿದೀರಲ್ಲ!

ಗುರುವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ದುಷ್ಯಂತ್, ಟೆಕ್ಸಾಸಿನ ತಮ್ಮೂರು ಕೇಟಿಯ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಒಂದೇ ಒಂದು ಸಾಲು ಹಾಕಿದ: "ಶನಿವಾರ ಮೋಟರ್‌ಹೋಮ್‌ನಲ್ಲಿ ಆಸ್ಟಿನ್ ಮೇಲೆ ಡಾಲಸ್‌ಗೆ ಹೊರಟಿದ್ದೇವೆ. ಈ ಗಾಡಿಗಳಿಗೆ ನೀರು ಎಲ್ಲಿ ತುಂಬಿಸ್ತಾರೆ, ಯಾರಿಗಾದ್ರೂ ಗೊತ್ತಾ?"

ನೀರಿನ ವಿಷಯ ಇವತ್ತಿನವರೆಗೂ ಯಾರೂ ಹೇಳಿಲ್ಲ. ಬಂದ ಇಪ್ಪತ್ತಮೂರು ಉತ್ತರಗಳೂ ಒಂದೇ ಥರ ಶುರುವಾದವು: "ಹೇಗಿದ್ರೂ ಹೋಗ್ತಿದೀರಲ್ಲ..."

ಪಾಪ, ದುಷ್ಯಂತನ ಆಸೆ ಬಹಳ ಸಣ್ಣದು. ಮದುವೆಯಾಗಿ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಎಲ್ಲಿಗೆ ಪ್ರವಾಸ ಹೊರಟರೂ ಕೊನೆಗೆ ಯಾರದೋ ಚಿಕ್ಕಮ್ಮನ ಮಗನ ಮನೆಯ ಹಾಲಿನಲ್ಲಿ, ಗಾಳಿ ಹಾಸಿಗೆಯ ಮೇಲೆ ಮಲಗಿ ಬರುತ್ತಿದ್ದ. ಈ ಬೇಸಿಗೆಯಲ್ಲಾದರೂ ಹೆಂಡತಿ ಮಧುರಾ ಜೊತೆ ಮೋಟರ್‌ಹೋಮ್‌ನಲ್ಲಿ ಎರಡು ವಾರ ಯುರೋಪ್ ಸುತ್ತಬೇಕು, ಆಮ್‌ಸ್ಟರ್‌ಡ್ಯಾಮ್‌ನಿಂದ ವೆನಿಸ್‌ವರೆಗೆ, ಇಬ್ಬರೇ. ಅಡುಗೆಮನೆ, ಮಂಚ, ಬಚ್ಚಲು ಎಲ್ಲ ಬೆನ್ನಿಗೇ ಇರುವಾಗ "ನಮ್ಮನೇಲೇ ಉಳ್ಕೊಳ್ಳಿ" ಅನ್ನುವುದಕ್ಕೆ ಯಾರಿಗೂ ಬಾಯಿರುವುದಿಲ್ಲ ಅನ್ನುವುದು ಅವನ ಲೆಕ್ಕಾಚಾರ.

ಮಧುರಾಗೆ ಇದ್ದದ್ದು ಒಂದೇ ಭಯ. "ರೀ, ನಮ್ಮ ಕಾರನ್ನ ಗ್ಯಾರೇಜಿಗೆ ಹಾಕೋವಾಗ್ಲೇ ವಾರಕ್ಕೊಂದ್ಸಲ ಕಸದ ಡಬ್ಬ ಉರುಳಿಸ್ತೀರಿ. ಇಪ್ಪತ್ತೈದಡಿ ಗಾಡಿ ತಗೊಂಡು ಸ್ವಿಟ್ಜರ್ಲೆಂಡ್ ಬೆಟ್ಟ ಹತ್ತಿಸ್ತೀರಾ? ಮೊದಲು ಇಲ್ಲೇ ಒಂದು ಬಾಡಿಗೆಗೆ ತಗೊಂಡು ಡಾಲಸ್‌ವರೆಗೆ ಓಡಿಸಿ ತೋರಿಸಿ. ಒಂದು ಗೀರು ಬಿದ್ರೂ ಯುರೋಪಿನ ಮಾತೆತ್ತಬಾರದು."

ಆ ಪರೀಕ್ಷೆಯ ದಿನವೇ ಈ ಶನಿವಾರ.

ಬೆಳಿಗ್ಗೆ ಏಳಕ್ಕೆ ಮನೆಮುಂದೆ ಸಾಲು. ಚಟ್ನಿಪುಡಿ, ಗೊಜ್ಜವಲಕ್ಕಿ, ಮಿಡಿ ಉಪ್ಪಿನಕಾಯಿ, ಆಸ್ಟಿನ್‌ನ ಬಾಣಂತಿಗೆ ಅಂಟಿನುಂಡೆ, ಡಾಲಸ್‌ನ ಅಳಿಯನಿಗೆ ಒಂದು ವೆಟ್ ಗ್ರೈಂಡರು. ಮೋಟರ್‌ಹೋಮಿನ ಮಂಚದ ಮೇಲೆ ಡಬ್ಬಿಗಳು ಮಲಗಿದವು, ಬಚ್ಚಲಲ್ಲಿ ಗ್ರೈಂಡರು ಕೂತಿತು. ಕೊನೆಗೆ ಪಕ್ಕದ ಮನೆ ತೃಪ್ತಿ, ಕುಂಡದಲ್ಲಿ ಬೆಳೆದ ಏಳಡಿ ನುಗ್ಗೆ ಗಿಡವನ್ನು ತಬ್ಬಿಕೊಂಡು ಬಂದಳು.

"ದುಷ್ಯಂತ್ ಅವರೇ, ಇದು ಆಸ್ಟಿನ್‌ನಲ್ಲಿ ನನ್ನ ಫ್ರೆಂಡ್ ನಿಶಿತಾಗೆ. ಹೇಗಿದ್ರೂ ಹೋಗ್ತಿದೀರಲ್ಲ!"

"ಆಯ್ತಮ್ಮ, ಇಷ್ಟೇನಾ?"

"ಇಷ್ಟೇ. ಆಮೇಲೆ ಅಪ್ಪ, ಅಮ್ಮ. ಅವರನ್ನ ಡಾಲಸ್‌ನಲ್ಲಿ ಅಣ್ಣ ರಕ್ಷಿತ್ ಮನೇಲಿ ಇಳಿಸಿಬಿಟ್ರೆ ಸಾಕು."

ತೃಪ್ತಿಯ ಬೆನ್ನ ಹಿಂದೆ ಶ್ರೀಕಂಠಯ್ಯನವರೂ ಲೀಲಾವತಮ್ಮನವರೂ ಸ್ವೆಟರು, ಮಫ್ಲರು ಹಾಕಿಕೊಂಡು ಎರಡು ಸೂಟ್‌ಕೇಸಿನೊಂದಿಗೆ ತಯಾರಾಗಿ ನಿಂತಿದ್ದರು. ಕರ್ನಾಟಕದಿಂದ ಆರು ತಿಂಗಳಿಗೆಂದು ಬಂದವರು. ಮೂರು ತಿಂಗಳು ಮಗಳ ಪಾಲು ಮುಗಿದು ಈಗ ಮಗನ ಪಾಲು ಶುರುವಾಗಬೇಕಿತ್ತು. ದುಷ್ಯಂತ್ ಹೆಂಡತಿಯ ಮುಖ ನೋಡಿದ. ಅವಳಾಗಲೇ "ಬನ್ನಿ ಆಂಟಿ, ಹತ್ತಿ" ಅಂದಾಗಿತ್ತು.

ಶ್ರೀಕಂಠಯ್ಯ ಡ್ರೈವರ್ ಪಕ್ಕದ ಸೀಟು ಹಿಡಿದರು. ಕಿಟಕಿಯಿಂದ ಕೈ ಹೊರಗೆ ಹಾಕಿ ಗಾಡಿಯ ಮೈಗೆ ಡಬ್ ಡಬ್ ಅಂತ ಎರಡೇಟು ಹೊಡೆದು, "ರೈಟ್, ರೈಟ್!" ಅಂದರು.

ಅಲ್ಲಿಂದ ಶುರುವಾಯಿತು ನೋಡಿ. "ಕನ್ನಡಿ ನೋಡಿ... ಹಿಂದಿನ ಚಕ್ರ ಗಮನ ಇರಲಿ... ಬ್ರೇಕನ್ನ ಹಂಗೆ ತುಳೀಬಾರದು, ಸವರಬೇಕು." ಈ ಮುದುಕರಿಗೇನು ಗೊತ್ತು ಮೋಟರ್‌ಹೋಮ್ ಅಂತ ದುಷ್ಯಂತ್ ಒಳಗೊಳಗೇ ಉರಿದುಕೊಂಡ. ಆದರೂ ಅವರು ಹೇಳಿದಂತೆ ಬ್ರೇಕು ಸವರಿದಾಗ ಹಿಂದಿನ ಉಪ್ಪಿನಕಾಯಿ ಬಾಟಲಿಗಳು ಗಲಗಲ ಅನ್ನುವುದು ನಿಂತಿತ್ತು.

ಆಸ್ಟಿನ್‌ಗೆ ಅರ್ಧ ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ತಿರುಗಿದ. ಬಂಕಿನ ಚಾವಣಿಯ ಮೇಲೆ ಹನ್ನೆರಡು ಅಡಿ ಅಂತ ಬೋರ್ಡಿತ್ತು. ತನ್ನ ಗಾಡಿ ಹನ್ನೊಂದು. ಧೈರ್ಯವಾಗಿ ಒಳಗೆ ನುಗ್ಗಿದ. ನೆತ್ತಿಯ ಮೇಲೆ "ಚಟ ಚಟ ಚಟಾರ್!" ಅಂತು.

ದುಷ್ಯಂತ್ ಗಕ್ಕನೆ ಬ್ರೇಕು ತುಳಿದ. ಹೋಯ್ತು! ಆಮ್‌ಸ್ಟರ್‌ಡ್ಯಾಮ್ ಹೋಯ್ತು, ವೆನಿಸ್ ಹೋಯ್ತು!

ಇಳಿದು ನೋಡಿದರೆ ಗಾಡಿಗೆ ಏನೂ ಆಗಿರಲಿಲ್ಲ. ಗಿಡ ಬಗ್ಗಿಕೊಂಡಿದೆ, ಉಸಿರಾಡಲಿ ಪಾಪ ಅಂತ ಲೀಲಾವತಮ್ಮ ಗಾಡಿಯ ಚಾವಣಿಯ ಕಿಂಡಿ ತೆರೆದು ನುಗ್ಗೆಯ ತಲೆಯನ್ನು ಹೊರಗೆ ಬಿಟ್ಟಿದ್ದರು. ಆ ತಲೆ ಈಗ ಎರಡನೇ ಪಂಪಿನ ಬಳಿ ಬಿದ್ದಿತ್ತು.

"ಅಯ್ಯೋ, ಎಳೇ ಸೊಪ್ಪು ಕಣಪ್ಪಾ!" ಅಂತ ಲೀಲಾವತಮ್ಮ ಸೆರಗಿನ ತುಂಬ ಆರಿಸಿಕೊಂಡು ಬಂದು, ಗಾಡಿ ನಿಂತಿದ್ದಾಗಲೇ ಪಲ್ಯಕ್ಕೆ ಒಗ್ಗರಣೆ ಕೊಟ್ಟರು. ಹೊಗೆಗೆ ಗಾಡಿಯ ಅಲಾರಾಂ ಊಳಿಟ್ಟಿತು. ಹ್ಯಾಟು ಹಾಕಿದ್ದ ಒಬ್ಬ ಟೆಕ್ಸಾಸಿನ ತಾತ ಬೆಂಕಿ ಆರಿಸುವ ಸಿಲಿಂಡರು ಹಿಡಿದು ಓಡಿಬಂದ. ಬಂದವನು ಎರಡು ಚಪಾತಿ ಪಲ್ಯ ತಿಂದು ಹೋದ.

ಆಸ್ಟಿನ್‌ನಲ್ಲಿ ಐದು ಮನೆ, ಐದು ಕಾಫಿ. ತಲೆಯಿಲ್ಲದ ಗಿಡ ನೋಡಿ ನಿಶಿತಾ ಬೇಜಾರು ಮಾಡಿಕೊಳ್ಳಲಿಲ್ಲ. ಅಂತೂ ಭಾರ ಇಳಿಯಿತು ಅಂತ ದುಷ್ಯಂತ್ ಉಸಿರು ಬಿಟ್ಟಿದ್ದಷ್ಟೇ, ಕೊಟ್ಟ ಡಬ್ಬಿಗಳೆಲ್ಲ ವಾಪಸ್ ಬಂದವು. ಡಬ್ಬಿಯನ್ನು ಖಾಲಿ ಕಳಿಸಬಾರದಲ್ಲ! ಚಟ್ನಿಪುಡಿ ಹೋದದ್ದರಲ್ಲಿ ಚಕ್ಕುಲಿ, ಗೊಜ್ಜವಲಕ್ಕಿ ಹೋದದ್ದರಲ್ಲಿ ಬೇಸನ್ ಲಾಡು. ಜೊತೆಗೆ "ಹೇಗಿದ್ರೂ ಡಾಲಸ್‌ಗೆ ಹೋಗ್ತಿದೀರಲ್ಲ" ಅಂತ ಒಂದು ತೊಟ್ಟಿಲು.

ಅಷ್ಟಾದರೂ ದುಷ್ಯಂತ್ ಖುಷಿಯಲ್ಲಿದ್ದ. ಆಸ್ಟಿನ್‌ನಿಂದ ಟ್ರಕ್ಕುಗಳ ನಡುವೆ ನೂರೈವತ್ತು ಮೈಲಿ ಓಡಿಸಿದ್ದರೂ ಒಂದು ಗೀರಿಲ್ಲ. ಡಾಲಸ್ ಇನ್ನು ನಲವತ್ತು ಮೈಲಿ ಇದ್ದಾಗ ಮಧುರಾ ಹಿಂದಿನಿಂದ ಬಂದು ಅವನ ಭುಜ ಒತ್ತಿದಳು.

"ಪರವಾಗಿಲ್ಲ ರೀ, ನೀವು ಪಾಸು! ಯುರೋಪಿಗೆ ಹೋಗೋದು ಗ್ಯಾರಂಟಿ ಅಂತ ಗುಂಪಿಗೆ ಹಾಕೇಬಿಟ್ಟೆ."

"ಗುಂಪಿಗಾ?" ಅಂದ ದುಷ್ಯಂತ್.

"ಹೂಂ. ಎಷ್ಟು ಸಂತೋಷಪಟ್ರು ಗೊತ್ತಾ ಎಲ್ರೂ! ತುಂಗಾ ಅವರ ತಮ್ಮ ಮ್ಯೂನಿಕ್‌ನಲ್ಲಿದ್ದಾನಂತೆ, ಸಾರಿನಪುಡಿ ಕೊಡ್ತಾರೆ. ಶಕುಂತಲಾ ಅವರ ಮಗಳು ಮಿಲಾನ್‌ನಲ್ಲಿ, ಅವಳಿಗೊಂದು ವೆಟ್ ಗ್ರೈಂಡರ್. ಹನ್ನೊಂದು ಮನೆ ಆಯ್ತು. ದಾರಿ ಸ್ವಲ್ಪ ಬದಲಾಯಿಸಿದ್ರೆ ಸಾಕು."

ವೆನಿಸ್‌ನ ನೀರಿನ ಪಕ್ಕ ಇಬ್ಬರೇ ಕೂತು ಕಾಫಿ ಕುಡಿಯುವ ಕನಸಿನೊಳಗೆ ಯಾರೋ ಗ್ರೈಂಡರು ತಂದಿಟ್ಟ ಹಾಗಾಯಿತು. ಅವನಿಗೆ ಅಳು ಬಂತು. ಇಪ್ಪತ್ತೆರಡು ವರ್ಷ ಕಾದದ್ದು ಇದಕ್ಕಾ? ಹನ್ನೊಂದು ಮನೆಗೆ ಡಬ್ಬಿ ಹೊರುವ ಬದಲು ಯುರೋಪೇ ಬೇಡ. ಅದನ್ನು ತಪ್ಪಿಸಲು ಒಂದೇ ದಾರಿ ಉಳಿದಿತ್ತು, ಅದೂ ಹೆಂಡತಿಯೇ ತೋರಿಸಿಕೊಟ್ಟ ದಾರಿ. ಪುಣ್ಯಕ್ಕೆ ಬಾಡಿಗೆ ಗಾಡಿಗೆ ಪೂರ್ತಿ ಇನ್ಶೂರೆನ್ಸ್ ಮಾಡಿಸಿದ್ದ.

ಸಂಜೆ ಆರಕ್ಕೆ ರಕ್ಷಿತನ ಮನೆ ಬಂತು. ಎಲ್ಲರೂ ಇಳಿದರು. ಮನೆಮುಂದೆ ಇಟ್ಟಿಗೆಯಲ್ಲಿ ಕಟ್ಟಿದ ಅಂಚೆಪೆಟ್ಟಿಗೆಯ ಕಂಬವಿತ್ತು. ದುಷ್ಯಂತ್ ರಿವರ್ಸ್ ಹಾಕಿದ, ಮನಸ್ಸಿನಲ್ಲೇ ವೆನಿಸ್‌ಗೆ ಕೈಮುಗಿದ, ಸ್ಟೇರಿಂಗನ್ನು ಎಡಕ್ಕೆ ಎಳೆದ.

"ಹೋಲ್ಡಾನ್! ಹೋಲ್ಡಾನ್!" ಅಂತ ಶ್ರೀಕಂಠಯ್ಯ ಕೂಗಿದರು.

ಕರ್ರ್ ರ್ ರ್...

ಹಿಂದಿನ ದೀಪದ ಪಕ್ಕ ಮೂರಡಿ ಉದ್ದದ ಗೀರು. ಮಧುರಾ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ದುಷ್ಯಂತ್ ಇಳಿದು, ಆದಷ್ಟು ದುಃಖದ ಮುಖ ಮಾಡಿದ. "ನೀನು ಹೇಳಿದ್ದೇ ಸರಿ ಮಧು. ಮಾತು ಅಂದ್ರೆ ಮಾತು. ಯುರೋಪಿನ ಸುದ್ದಿ ಇನ್ನು ಬೇಡ."

ಮಧುರಾಳ ಕಣ್ಣಲ್ಲಿ ನೀರು ಬಂತು. "ಅಷ್ಟು ಚೆನ್ನಾಗಿ ಓಡಿಸಿದ್ರಲ್ಲ ರೀ..."

ಶ್ರೀಕಂಠಯ್ಯ ಬಗ್ಗಿ ಗೀರನ್ನು ಬೆರಳಿಂದ ಸವರಿದರು. "ಇದಕ್ಯಾಕಮ್ಮ ಅಳ್ತೀಯ? ಬೆಳಿಗ್ಗೆಯಿಂದ ಒಬ್ಬರೇ ಓಡಿಸಿದ್ರೆ ಎಂಥವನಿಗೂ ಕೈ ತಪ್ಪುತ್ತೆ. ದೂರದ ಬಸ್ಸಿಗೆ ಇಬ್ಬರು ಡ್ರೈವರ್ ಇರಲೇಬೇಕು ಅಂತ ನಮ್ಮಲ್ಲಿ ರೂಲ್ಸೇ ಇತ್ತು."

"ನಿಮ್ಮಲ್ಲಿ ಅಂದ್ರೆ?" ದುಷ್ಯಂತ್ ಕೇಳಿದ.

"ಅಪ್ಪ ಮೂವತ್ತೊಂದು ವರ್ಷ ಸರ್ಕಾರಿ ಬಸ್ ಡ್ರೈವರು," ಅಂದ ರಕ್ಷಿತ್ ಹೆಮ್ಮೆಯಿಂದ. "ಚಾರ್ಮಾಡಿ ಘಾಟಿ ರೂಟು. ಒಂದು ಗೀರಿಲ್ಲ. ಮೆಡಲ್ ಕೊಟ್ಟಿದ್ದಾರೆ."

"ಲೈಸೆನ್ಸ್ ಇನ್ನೂ ಜೀವಂತ ಇದೆ," ಅಂದರು ಶ್ರೀಕಂಠಯ್ಯ. "ಪರ್ಮಿಟ್ಟು ಗಿರ್ಮಿಟ್ಟು ರಕ್ಷಿತ್ ನೋಡ್ತಾನೆ. ಬೆಟ್ಟದ ರಸ್ತೆ ನನಗೆ ಬಿಡಿ, ಸಪಾಟು ನಿಮಗೆ. ಹೇಗಿದ್ರೂ ಹೋಗ್ತಿದೀರಲ್ಲ, ಎರಡು ವಾರ ನಾವೂ ಬರ್ತೀವಿ."

"ಅಯ್ಯೋ ಅಂಕಲ್, ದೇವರು ಬಂದಂಗೆ ಬಂದ್ರಿ!" ಮಧುರಾ ಕಣ್ಣೊರೆಸಿಕೊಂಡು ಫೋನ್ ತೆಗೆದಳು. "ನಂಗಿದ್ದ ಭಯವೇ ಹೋಯ್ತು. ರೀ, ನಾಲ್ಕು ಜನ ಅಂದ್ರೆ ಎಂಟು ಸೂಟ್‌ಕೇಸ್ ಆಗುತ್ತಲ್ವಾ? ಮಿಲಾನ್‌ಗೆ ಇನ್ನೊಂದು ಗ್ರೈಂಡರ್ ಕೂಡ ಬೇಕು ಅಂದಿದ್ರು."

ದುಷ್ಯಂತ್ ಗೀರಿಗೆ ಒರಗಿಕೊಂಡು ಅಲ್ಲೇ ಕುಸಿದು ಕೂತ. ಅವನ ತಲೆಯ ಮೇಲೆ, ಗಾಡಿಯ ಮೈಗೆ ಡಬ್ ಡಬ್ ಅಂತ ಎರಡೇಟು ಬಿತ್ತು.

"ರೈಟ್, ರೈಟ್!"